ಅಮೆರಿಕದ ಕಾಲೇಜು ಹುಡುಗಿಯರ ಐಸ್ ಹಾಕಿ ತಂಡ ಶುರುವಾದದ್ದು ಹೇಗೆ? ಗೊತ್ತಿದ್ದವರು ಹೇಳಿ

ಮಂಡಗದ್ದೆ_ಹಕ್ಕಿ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಲೇಜು ಹಾಕಿ ತಂಡದಲ್ಲಿ ಹಾಫ್ ಬ್ಯಾಕ್ ಆಡುತ್ತೇನೆ. ನಮ್ಮ ಮಾಮೂಲಿ ಹಾಕಿ, ಮೈದಾನದ್ದು. ಈ ವರ್ಷದ ಕಾಲೇಜು ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಕನ್ನಡ ಮೇಡಂ ಹೇಳಿದ್ದಾರೆ. ಎಲ್ಲರೂ ಜೋಗ, ಆಗುಂಬೆ ಮಳೆ, ಅಜ್ಜಿ ಮನೆ ಅಂತ ಬರೆಯುತ್ತಾರೆ. ನನಗೆ ಆಟದ ಬಗ್ಗೆ ಬರೆಯಬೇಕು ಅಂತ ಆಸೆ.

2025ರ ಜೂನ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ಐಸ್ ಹಾಕಿ ತಂಡ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತಲ್ವಾ, ಆ ಸುದ್ದಿ ಓದಿದಾಗಿನಿಂದ ನನ್ನ ತಲೆಯಲ್ಲಿ ಅದೇ ಕೂತಿದೆ. ಅಲ್ಲಿಂದ ಹುಡುಕುತ್ತಾ ಹೋದಾಗ ಅಮೆರಿಕದ ‘ಪೆಂಬ್ರೋಕ್ ಪಾಂಡಾಸ್’ ಅನ್ನೋ ಕಾಲೇಜು ತಂಡದ ಹೆಸರು ಸಿಕ್ಕಿತು. 1960ರ ದಶಕದ ಹುಡುಗಿಯರ ತಂಡ ಅದು. ಆ ಕಾಲದಲ್ಲಿ ಅವರಿಗೆ ರಿಂಕ್, ಅಂದರೆ ಐಸ್ ಕಟ್ಟಿದ ಆಟದ ಅಂಕಣ, ಯಾರು ಕೊಟ್ಟರು? ದುಡ್ಡು ಎಲ್ಲಿಂದ ಬಂತು? ಕಾಲೇಜು ತಾನಾಗಿಯೇ ತಂಡ ಮಾಡಿತಾ, ಕಾನೂನು ಬಂದ ಮೇಲೆ ಮಾಡಿತಾ? ನಮ್ಮ ಕಡೆ ಐಸ್ ಅಂದರೆ ಗೋಲಿ ಸೋಡಾ ಅಂಗಡಿಯ ಐಸ್ ಪೆಟ್ಟಿಗೆಯಲ್ಲಿರೋದು ಮಾತ್ರ, ಹಾಗಾಗಿ ಓದೋರಿಗೆ ಅರ್ಥವಾಗೋ ಹಾಗೆ ಬರೆಯಬೇಕು. ದಯವಿಟ್ಟು ಸ್ವಲ್ಪ ವಿವರವಾಗಿಯೇ ಹೇಳಿ.

ಸಾಗರ_ಟು_ಮಿನಿಯಾಪೊಲಿಸ್:

ತಂಗಿ, ಒಳ್ಳೆ ವಿಷಯ ಹಿಡಿದಿದ್ದೀಯ. ನಾನು ಸಾಗರದವಳು. ಮದುವೆಯಾದ ಮೇಲೆ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಇಲ್ಲಿ ಚಳಿಗಾಲ ಬಂದರೆ ಮನೆಮನೆಯಲ್ಲೂ ಹಾಕಿ ಮಾತು, ನನ್ನ ಮಗಳೂ ಆಡುತ್ತಾಳೆ, ಅವಳಿಂದಾಗಿ ನಾನೂ ಈ ಆಟದ ಕತೆಯನ್ನೆಲ್ಲ ಓದಿಕೊಂಡಿದ್ದೇನೆ.

ಬ್ರೌನ್ ವಿಶ್ವವಿದ್ಯಾಲಯ ಇರುವುದು ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ. ಪೆಂಬ್ರೋಕ್ ಅನ್ನುವುದು ಬ್ರೌನ್‌ಗೆ ಸೇರಿದ ಹೆಣ್ಣುಮಕ್ಕಳ ಕಾಲೇಜು. 1971ರಲ್ಲಿ ಅದು ಬ್ರೌನ್‌ನೊಳಗೆ ಪೂರ್ತಿ ಸೇರಿಹೋಯಿತು. ಬ್ರೌನ್‌ನಲ್ಲಿ ಗಂಡುಮಕ್ಕಳ ಐಸ್ ಹಾಕಿ ತಂಡ ಮೊದಲಿನಿಂದ ಇತ್ತು, ಮೀಹನ್ ಅನ್ನೋ ಒಳಾಂಗಣ ರಿಂಕ್ ಕೂಡ ಇತ್ತು. 1964ರ ಜನವರಿಯಲ್ಲಿ ನ್ಯಾನ್ಸಿ ಶೀಫ್ಲಿನ್ ಅನ್ನೋ ಪೆಂಬ್ರೋಕ್ ಹುಡುಗಿ ಮೈತುಂಬ ಹಾಕಿ ಡ್ರೆಸ್ ಹಾಕಿಕೊಂಡು, ಯಾರು ಅಂತ ಗುರುತು ಸಿಗದ ಹಾಗೆ, ಗಂಡುಮಕ್ಕಳ ಪ್ರಾಕ್ಟೀಸಿಗೆ ಇಳಿದಳು. ಕೋಚ್ ಜಿಮ್ ಫುಲರ್ಟನ್ ಅವರಿಗೆ ಇದು ಮೊದಲೇ ಗೊತ್ತಿತ್ತು. ಹುಡುಗಿಯೊಬ್ಬಳು ಗಂಡುಮಕ್ಕಳ ನಡುವೆ ಈ ಆಟ ಆಡಬಲ್ಲಳಾ ಅಂತ ನೋಡೋಣ ಅಂತ ಇಬ್ಬರೂ ಮಾತಾಡಿಕೊಂಡೇ ಮಾಡಿದ್ದು. ನ್ಯಾನ್ಸಿಗೆ ಆಟ ಮೊದಲೇ ಬರುತ್ತಿತ್ತು, ಸುಮ್ನೆ ಧೈರ್ಯ ಮಾಡಿ ಇಳಿದವಳಲ್ಲ ಅವಳು.

ಅಲ್ಲಿಂದ ಹುಟ್ಟಿದ್ದೇ ಪೆಂಬ್ರೋಕ್ ಪಾಂಡಾಸ್. ಅಮೆರಿಕದಲ್ಲಿ ಇವತ್ತಿನ ಕಾಲೇಜು ಹುಡುಗಿಯರ ತಂಡಗಳಿಗೆಲ್ಲ ಮೊದಲನೆಯದು ಅಂತ ಕರೆಯುವುದು ಇದನ್ನೇ. (ಕೆನಡಾದಲ್ಲಿ ಇನ್ನೂ ಹಿಂದೆ, 1890ರ ದಶಕದಲ್ಲೇ, ಮೆಕ್‌ಗಿಲ್ ಮತ್ತು ಕ್ವೀನ್ಸ್ ವಿಶ್ವವಿದ್ಯಾಲಯಗಳ ಹುಡುಗಿಯರು ಉದ್ದ ಲಂಗ ಹಾಕಿಕೊಂಡೇ ಆಡುತ್ತಿದ್ದರು. ಇದನ್ನೂ ನಿನ್ನ ಲೇಖನದಲ್ಲಿ ಒಂದು ಸಾಲು ಹಾಕು.) ಪಾಂಡಾಸ್ ತಮ್ಮ ಮೊದಲ ಪಂದ್ಯ ಆಡಿದ್ದು 1966ರಲ್ಲಿ, ವಾಲ್‌ಪೋಲ್ ಬ್ರೂಮ್ಸ್ ಅನ್ನೋ ತಂಡದ ಮೇಲೆ. ಎರಡು ವರ್ಷ ಕಾಯಬೇಕಾಯಿತು ನೋಡು. ಎದುರು ಆಡೋಕೆ ಹುಡುಗಿಯರ ತಂಡ ಸಿಗುವುದೇ ಕಷ್ಟ ಆಗ.

ದುಡ್ಡಿನ ವಿಷಯ ಕೇಳಿದೆ. ರಿಂಕ್ ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಕಾಂಕ್ರೀಟ್ ನೆಲದ ಕೆಳಗೆ ಪೈಪು ಹಾಕಿ, ಅದರೊಳಗೆ ತಣ್ಣಗೆ ಮಾಡಿದ ಉಪ್ಪುನೀರು ಹರಿಸಿ, ಮೇಲೆ ತೆಳುವಾಗಿ ನೀರು ಹಾಕಿ ಹಾಕಿ ಒಂದು ಇಂಚಿನಷ್ಟು ಐಸ್ ಕಟ್ಟಿಸುತ್ತಾರೆ. ಆ ಯಂತ್ರಗಳು ಹಗಲೂ ರಾತ್ರಿ ಓಡಬೇಕು, ಕರೆಂಟ್ ಖರ್ಚು ವಿಪರೀತ. ಪಾಂಡಾಸ್ ಹುಡುಗಿಯರು ಸಲಕರಣೆ ಸಾಲ ತಂದರು. ಗಂಡುಮಕ್ಕಳ ಪಂದ್ಯಕ್ಕೆ ಬಂದ ಜನರಿಗೆ ಆಟದ ನಿಯಮದ ಪುಸ್ತಕ ಮಾರಿ ರಿಂಕ್ ಬಾಡಿಗೆಗೆ ದುಡ್ಡು ಕೂಡಿಸಿದರು. ನನಗೆ ಇಡೀ ಕತೆಯಲ್ಲಿ ತುಂಬ ಮುಟ್ಟಿದ ಭಾಗ ಇದು. ತಮ್ಮನ್ನು ಆಡಲು ಬಿಡದ ಪಂದ್ಯದ ಗೇಟಿನಲ್ಲಿ ನಿಂತು, ಅದೇ ಆಟದ ನಿಯಮ ಮಾರಿ, ತಮ್ಮ ಆಟಕ್ಕೆ ಜಾಗ ಕೊಂಡುಕೊಂಡರು.

ನಿವೃತ್ತ_ಪಿಡಿ_ಶಿವಮೊಗ್ಗ:

ಮಗಳೇ, ನಾನು ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗಿದ್ದವನು, ಈಗ ನಿವೃತ್ತಿ. ಮೇಲಿನವರು ಹೇಳಿದ್ದು ಚೆನ್ನಾಗಿದೆ. ಆದರೆ ನಿನ್ನ ಮುಖ್ಯ ಪ್ರಶ್ನೆ ಕಾನೂನಿನದ್ದು, ಅದಕ್ಕೆ ನಾನು ಉತ್ತರ ಕೊಡುತ್ತೇನೆ.

1972ರ ಜೂನ್‌ನಲ್ಲಿ ಅಮೆರಿಕದಲ್ಲಿ ‘ಟೈಟಲ್ ನೈನ್’ ಅನ್ನೋ ಕಾನೂನು ಬಂತು. ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 37 ಪದ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು ಹೆಣ್ಣು ಅಂತ ಭೇದ ಮಾಡಬಾರದು, ಅಷ್ಟೇ ಅದರ ಸಾರ. ಆ ವಾಕ್ಯದಲ್ಲಿ ಆಟ ಅನ್ನೋ ಮಾತೇ ಇಲ್ಲ. ಆದರೂ ಅಮೆರಿಕದ ಹೆಣ್ಣುಮಕ್ಕಳ ಕ್ರೀಡೆಯನ್ನು ಅದರಷ್ಟು ಬದಲಾಯಿಸಿದ್ದು ಬೇರೊಂದಿಲ್ಲ. ಯಾಕೆಂದರೆ ಕಾಲೇಜು ತಂಡ ಅಂದರೆ ಕೋಚ್ ಸಂಬಳ, ಪ್ರಯಾಣ, ಡ್ರೆಸ್, ಸ್ಕಾಲರ್‌ಶಿಪ್, ಡಾಕ್ಟರ್ ಎಲ್ಲ ಸೇರುತ್ತದೆ. ಇದನ್ನು ಪುಸ್ತಕ ಮಾರಿ ಎಷ್ಟು ವರ್ಷ ನಡೆಸುತ್ತೀರಿ? ಒಂದು ಬ್ಯಾಚ್ ಪಾಸಾಗಿ ಹೋದರೆ ಉತ್ಸಾಹವೂ ಅವರ ಜೊತೆ ಹೋಗುತ್ತದೆ. ಬಜೆಟ್‌ನಲ್ಲಿ ಹೆಸರು ಬಂದ ತಂಡ ಮಾತ್ರ ಉಳಿಯುತ್ತದೆ. ನಾನು ನನ್ನ ಸರ್ವಿಸಿನಲ್ಲಿ ನೋಡಿದ್ದು ಇದನ್ನೇ.

ಕಾನೂನು ಬಂದು ಹನ್ನೆರಡು ವರ್ಷಕ್ಕೆ, 1984ರಲ್ಲಿ, ಪೂರ್ವ ಕರಾವಳಿಯ ಕಾಲೇಜುಗಳ ಒಕ್ಕೂಟ ಹೆಣ್ಣುಮಕ್ಕಳಿಗೆ ಟೂರ್ನಿ ಶುರು ಮಾಡಿತು. ಮೊದಲು ಗೆದ್ದದ್ದು ಪ್ರಾವಿಡೆನ್ಸ್ ಕಾಲೇಜು, ಬ್ರೌನ್ ಇರುವ ಊರಿನದೇ ಇನ್ನೊಂದು ಕಾಲೇಜು. ಇಷ್ಟಾದ ಮೇಲೆ 1998ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ಸ್‌ಗೆ ಹೆಣ್ಣುಮಕ್ಕಳ ಐಸ್ ಹಾಕಿ ಮೊದಲ ಸಲ ಬಂತು. ಅಮೆರಿಕ ಫೈನಲ್‌ನಲ್ಲಿ ಕೆನಡಾವನ್ನು 3-1ರಿಂದ ಸೋಲಿಸಿ ಚಿನ್ನ ತೆಗೆದುಕೊಂಡಿತು. ಆ ತಂಡದ ನಾಯಕಿ ಕ್ಯಾಮಿ ಗ್ರಾನಾಟೊ ಆಡಿ ಬಂದದ್ದು ಪ್ರಾವಿಡೆನ್ಸ್ ಕಾಲೇಜಿನಲ್ಲಿ. ಕೇಟಿ ಕಿಂಗ್, ಟಾರಾ ಮೌನ್ಸಿ ಬ್ರೌನ್‌ನವರು. ಕಾಲೇಜು ತಂಡಗಳಿಲ್ಲದೆ ಆ ಚಿನ್ನ ಎಲ್ಲಿಂದ ಬರಬೇಕಿತ್ತು?

ಕೊಪ್ಪದ_ಕಾಫಿ_ತೋಟ:

ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1964ಕ್ಕೆ ಕಾನೂನು ಎಲ್ಲಿತ್ತು? ಎಂಟು ವರ್ಷ ಮೊದಲೇ ಹುಡುಗಿಯರು ಐಸ್ ಮೇಲೆ ಇಳಿದಾಗಿತ್ತಲ್ಲ. ಅವರು ಇಳಿಯದೇ ಹೋಗಿದ್ದರೆ ಕಾನೂನು ಬಂದಾಗ ಕೇಳೋಕೆ ಯಾರಿರುತ್ತಿದ್ದರು?

ನಾನು 90ರ ದಶಕದಲ್ಲಿ ಕಾಲೇಜಿನಲ್ಲಿ ಹಾಕಿ ಆಡಿದವಳು. ಕಾಲೇಜಿನ ಹೆಸರು ಬೇಡ. ನಮಗೂ ನಿಯಮದ ಪ್ರಕಾರ ಎಲ್ಲ ಇತ್ತು. ಕ್ರೀಡಾ ಫೀಸ್ ನಾವೂ ಕಟ್ಟುತ್ತಿದ್ದೆವು, ಕಾಗದದ ಮೇಲೆ ತಂಡವೂ ಇತ್ತು. ಆದರೆ ಮೈದಾನ ನಮಗೆ ಸಿಗುತ್ತಿದ್ದದ್ದು ಹುಡುಗರ ಕ್ರಿಕೆಟ್ ಮುಗಿದ ಮೇಲೆ. ಅಷ್ಟೊತ್ತಿಗೆ ಹಳ್ಳಿ ಕಡೆಯಿಂದ ಬರುವವರಿಗೆ ಬಸ್ಸಿನ ಟೈಮ್ ಆಗಿರುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಮೈದಾನದಲ್ಲಿ ನೀರು. ಉಳಿದ ನಾಲ್ಕೈದು ತಿಂಗಳಲ್ಲಿ ಬೆಳಕು ಇರುವ ಹೊತ್ತು ಅವರದು, ಕತ್ತಲಾಗುವ ಹೊತ್ತು ನಮ್ಮದು. ನಮ್ಮ ಸೀನಿಯರ್ ಒಬ್ಬರು ಬೆಳಿಗ್ಗೆ ಆರಕ್ಕೆ ಬಂದು ಗೇಟ್ ತೆಗೆಸಿ ಪ್ರಾಕ್ಟೀಸ್ ಶುರು ಮಾಡಿಸಿದರು, ಆಮೇಲೆ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು, ಕೂಡ ಆದರು. ಆ ಗೇಟ್ ತೆಗೆಸಿದ್ದು ಯಾವ ಸುತ್ತೋಲೆಯೂ ಅಲ್ಲ.

ಅದಕ್ಕೇ ತಂಗಿ, ಬರೆಯುವಾಗ ಯಾವ ಕಾಯ್ದೆ ಬಂತು ಅಂತ ಬರಿ, ಬೇಡ ಅನ್ನಲ್ಲ. ಆದರೆ ರಿಂಕ್ ಯಾವ ಹೊತ್ತಿಗೆ ಸಿಗುತ್ತಿತ್ತು, ಯಾರು ಮುಗಿಸಿದ ಮೇಲೆ ಸಿಗುತ್ತಿತ್ತು ಅನ್ನುವುದನ್ನೂ ಹುಡುಕು. ಹೆಣ್ಣುಮಕ್ಕಳ ತಂಡದ ಚರಿತ್ರೆ ಅಂದರೆ ಅರ್ಧ ಅದೇ.

ಸಾಗರ_ಟು_ಮಿನಿಯಾಪೊಲಿಸ್:

ಪಿಡಿ ಸರ್ ಮತ್ತು ಕೊಪ್ಪದ ಅಕ್ಕ ಇಬ್ಬರ ಮಾತಿಗೂ ಸಾಕ್ಷಿ ಅದೇ ಬ್ರೌನ್‌ನಲ್ಲಿ ಸಿಗುತ್ತದೆ, ಇದನ್ನು ನೋಡಿ.

ಅಮೆರಿಕದ ಕಾಲೇಜು ಹುಡುಗಿಯರ ಮೊದಲ ಐಸ್ ಹಾಕಿ ತಂಡ ಹುಟ್ಟಿದ ವಿಶ್ವವಿದ್ಯಾಲಯ ಅಲ್ವಾ. ಅಲ್ಲೇ 1991ರಲ್ಲಿ ದುಡ್ಡು ಉಳಿಸಬೇಕು ಅಂತ ಹೆಣ್ಣುಮಕ್ಕಳ ಜಿಮ್ನಾಸ್ಟಿಕ್ಸ್ ಮತ್ತು ವಾಲಿಬಾಲ್ ತಂಡಗಳಿಗೆ ವಿಶ್ವವಿದ್ಯಾಲಯದ ಹಣ ನಿಲ್ಲಿಸಿದರು. ಗಂಡುಮಕ್ಕಳ ಗಾಲ್ಫ್, ವಾಟರ್ ಪೋಲೋ ತಂಡಗಳಿಗೂ ನಿಲ್ಲಿಸಿದರು, ಎರಡೂ ಕಡೆ ಎರಡೆರಡು, ಸಮ ಸಮ ಅಂತ. ಏಮಿ ಕೋಹೆನ್ ಅನ್ನೋ ಜಿಮ್ನಾಸ್ಟ್ ಮತ್ತು ಅವಳ ಜೊತೆಗಾರ್ತಿಯರು ಕೋರ್ಟಿಗೆ ಹೋದರು. ಮೊದಲಿನಿಂದಲೂ ಹೆಣ್ಣುಮಕ್ಕಳಿಗೆ ಅವಕಾಶ ಕಮ್ಮಿ ಇರುವಾಗ ಇಬ್ಬರಿಂದಲೂ ಅಷ್ಟಷ್ಟೇ ಕಿತ್ತುಕೊಂಡರೆ ಅದು ಸಮಾನತೆ ಹೇಗಾಗುತ್ತದೆ ಅಂತ ಅವರ ವಾದ. ಹುಡುಗಿಯರಿಗೆ ಆಟದಲ್ಲಿ ಆಸಕ್ತಿಯೇ ಕಮ್ಮಿ ಅಂತ ವಿಶ್ವವಿದ್ಯಾಲಯದ ವಾದ. ಕೋರ್ಟ್ ಹುಡುಗಿಯರ ಪರ ತೀರ್ಪು ಕೊಟ್ಟಿತು. 1997ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ, 1998ರಲ್ಲಿ ರಾಜಿಯಾಯಿತು. ಅದೇ 1998ರಲ್ಲಿ ಕಾಲೇಜು ಹುಡುಗಿಯರ ಮೊದಲ ರಾಷ್ಟ್ರೀಯ ಐಸ್ ಹಾಕಿ ಚಾಂಪಿಯನ್‌ಶಿಪ್ ನಡೆಯಿತು. ಬ್ರೌನ್ ಫೈನಲ್‌ವರೆಗೆ ಬಂದು ನ್ಯೂ ಹ್ಯಾಂಪ್‌ಶೈರ್ ಮೇಲೆ ಸೋತಿತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅನ್ನೋ ದೊಡ್ಡ ಸಂಸ್ಥೆ ತಾನೇ ಚಾಂಪಿಯನ್‌ಶಿಪ್ ಶುರು ಮಾಡಿದ್ದು 2001ರಲ್ಲಿ. ನ್ಯಾನ್ಸಿ ರಿಂಕಿಗೆ ಇಳಿದು ಮೂವತ್ತೇಳು ವರ್ಷ ಆದ ಮೇಲೆ!

ಎನ್‌ಸಿಎಎಯ ಆ ಮೊದಲ ಚಾಂಪಿಯನ್‌ಶಿಪ್ ಗೆದ್ದದ್ದು ನಮ್ಮ ರಾಜ್ಯದ ಮಿನ್ನೆಸೋಟ-ಡುಲೂತ್. 2002, 2003 ಕೂಡ ಅವರದೇ. ಕೋಚ್ ಶ್ಯಾನನ್ ಮಿಲ್ಲರ್ ಒಟ್ಟು ಐದು ಸಲ ಗೆಲ್ಲಿಸಿಕೊಟ್ಟರು. 2014ರ ಡಿಸೆಂಬರ್‌ನಲ್ಲಿ ಅವರ ಕರಾರು ಮುಂದುವರಿಸಲ್ಲ ಅಂದರು, ದುಡ್ಡಿನ ಕಾರಣ ಕೊಟ್ಟರು. ಅವರು ಕೋರ್ಟಿಗೆ ಹೋದರು. 2018ರಲ್ಲಿ ಜ್ಯೂರಿ, ಇದು ಹೆಣ್ಣು ಅನ್ನೋ ಕಾರಣಕ್ಕೆ ಮಾಡಿದ ಭೇದ ಅಂತ ಹೇಳಿ 37 ಲಕ್ಷ ಡಾಲರ್‌ಗಿಂತ ಜಾಸ್ತಿ ಪರಿಹಾರ ಕೊಡಿಸಿತು. ಐದು ಸಲ ದೇಶಕ್ಕೇ ಮೊದಲು ಬಂದ ಕೋಚ್‌ಗೇ ಹೀಗೆ. ಟೈಟಲ್ ನೈನ್ ಬಂದು ನಲವತ್ತು ವರ್ಷ ದಾಟಿತ್ತು ಆಗ.

ಇನ್ನೊಂದು ತಂಡದ ಕತೆ ಹೇಳಲೇಬೇಕು. ಇಲ್ಲಿ ಮಿನಿಯಾಪೊಲಿಸ್‌ನ ಮಿನ್ನೆಸೋಟ ತಂಡ 2012-13ರಲ್ಲಿ ಆಡಿದ 41 ಪಂದ್ಯವನ್ನೂ ಗೆದ್ದಿತು. ಒಂದೂ ಸೋಲಿಲ್ಲ, ಒಂದೂ ಡ್ರಾ ಇಲ್ಲ. ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು ಸೇರಿಸಿದರೆ ಸತತ 62 ಗೆಲುವು. ಅದನ್ನು 2013ರ ನವೆಂಬರ್‌ನಲ್ಲಿ ನಿಲ್ಲಿಸಿದ್ದು ಪಕ್ಕದ ರಾಜ್ಯದ ನಾರ್ತ್ ಡಕೋಟ ತಂಡ. ಎಂಥ ತಂಡ ಇರಬೇಕು ಯೋಚಿಸು. 2017ರ ಮಾರ್ಚ್‌ನಲ್ಲಿ ಆ ನಾರ್ತ್ ಡಕೋಟ ತಂಡವನ್ನೇ ಮುಚ್ಚಿಬಿಟ್ಟರು, ರಾಜ್ಯದ ಬಜೆಟ್ ಕಡಿತ ಅಂತ. ವರ್ಷ ತುಂಬುವುದರೊಳಗೆ, 2018ರ ಫೆಬ್ರವರಿಯಲ್ಲಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಫೈನಲ್. ಮತ್ತೆ ಅಮೆರಿಕ, ಕೆನಡಾ. ಅಮೆರಿಕ ಹಿಂದೆ ಬಿದ್ದಿದ್ದಾಗ ಗೋಲು ಹೊಡೆದು 2-2 ಸಮ ಮಾಡಿದವಳು ಮೋನಿಕ್ ಲ್ಯಾಮೊರೊ. ಶೂಟೌಟ್‌ನಲ್ಲಿ ಗೆಲುವಿನ ಗೋಲು ಹೊಡೆದವಳು ಅವಳ ಅವಳಿ ಅಕ್ಕತಂಗಿ ಜೋಸ್ಲಿನ್. ಇಬ್ಬರೂ ನಾರ್ತ್ ಡಕೋಟದಲ್ಲಿ ಆಡಿ ಬೆಳೆದವರು. ಅವರು ಚಿನ್ನ ಹಿಡಿದು ಊರಿಗೆ ಬಂದಾಗ ಅವರ ಕಾಲೇಜು ತಂಡ ಇರಲಿಲ್ಲ. ನನಗೆ ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ನಿವೃತ್ತ_ಪಿಡಿ_ಶಿವಮೊಗ್ಗ:

ನಾರ್ತ್ ಡಕೋಟದ್ದು ನನಗೆ ಗೊತ್ತಿರಲಿಲ್ಲಮ್ಮ. ಕಾನೂನಿದ್ದೂ ತಂಡ ಮುಚ್ಚಬಹುದು ಅಂದರೆ ಕೊಪ್ಪದವರು ಹೇಳಿದ ಮಾತಿಗೆ ತೂಕ ಇದೆ. ಆದರೂ ಒಂದು ಮಾತು ಹೇಳುತ್ತೇನೆ. ಏಮಿ ಕೋಹೆನ್ ಕೋರ್ಟಿನ ಮೆಟ್ಟಿಲು ಹತ್ತಿದಾಗ ಕೈಯಲ್ಲಿ ಹಿಡಿಯಲು ಆ 37 ಪದ ಇತ್ತು. ನ್ಯಾನ್ಸಿಗೆ ಅದೂ ಇರಲಿಲ್ಲ. ಲೇಖನದಲ್ಲಿ ಇಬ್ಬರೂ ಇರಲಿ.

ಹೊಸನಗರ_ಮಾಜಿ_ಸೈನಿಕ:

ನಾನು ಸೈನ್ಯದಲ್ಲಿದ್ದಾಗ ಲೇಹ್‌ನಲ್ಲಿ ಪೋಸ್ಟಿಂಗ್ ಇತ್ತು. ಅಮೆರಿಕದ ಕತೆ ಬರೆದ ಮೇಲೆ ಕೊನೆಗೆ ನಮ್ಮವರ ಕತೆಯೂ ಬರಬೇಕು ಅಂತ ನನ್ನ ಆಸೆ.

ಲಡಾಖ್‌ನಲ್ಲಿ ಐಸ್ ಹಾಕಿ ಅಂದರೆ ಹೆಪ್ಪುಗಟ್ಟಿದ ಕೆರೆ ಮೇಲೆ. ಲೇಹ್‌ನ ಕರ್ಜೂ ಕೆರೆ ಅದಕ್ಕೆ ಹೆಸರುವಾಸಿ. ಬಯಲಲ್ಲಿ ರಾತ್ರಿ ನೀರು ಬಿಟ್ಟು ಐಸ್ ಕಟ್ಟಿಸುವುದೂ ಇದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ, ಎರಡು ತಿಂಗಳು ಅಷ್ಟೇ. ಬಿಸಿಲು ಜೋರಾದರೆ ಮುಗಿಯಿತು. ಆ ಎರಡು ತಿಂಗಳಲ್ಲಿ ಸೈನ್ಯದ ತಂಡ, ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ತಂಡ, ಊರಿನ ಗಂಡಸರು, ಎಲ್ಲರಿಗೂ ಐಸ್ ಬೇಕು. ಹುಡುಗಿಯರ ಸರದಿ ಕೊನೆಗೆ. ಕೊಪ್ಪದವರು ಹೇಳಿದ ಮೈದಾನದ ಕತೆ ಅಲ್ಲಿಯೂ ಅದೇ. ಸ್ಕೇಟ್ಸ್, ಹೆಲ್ಮೆಟ್ ಎಲ್ಲ ಯಾರೋ ಹಾಕಿ ಬಿಟ್ಟದ್ದು, ಅಳತೆ ಸರಿಯಿಲ್ಲದ್ದು.

ಅಲ್ಲಿಂದಲೇ ದೇಶದ ತಂಡ ಎದ್ದು ಬಂತು. 2016ರಲ್ಲಿ ತೈಪೆಯಲ್ಲಿ ಮೊದಲ ಅಂತಾರಾಷ್ಟ್ರೀಯ ಟೂರ್ನಿ. ಹೋಗಲು ಜನರಿಂದ ದುಡ್ಡು ಎತ್ತಬೇಕಾಯಿತು. ಎಲ್ಲ ಪಂದ್ಯ ಸೋತರು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪೈನ್ಸ್ ತಂಡವನ್ನು 4-3ರಿಂದ ಸೋಲಿಸಿದರು, ಅದು ಮೊದಲ ಗೆಲುವು. 2018ರ ಜನವರಿಯಲ್ಲಿ ಕೆನಡಾದ ಹೇಲಿ ವಿಕೆನ್‌ಹೈಸರ್ ಲಡಾಖ್‌ಗೇ ಬಂದು ಆ ಮಕ್ಕಳ ಜೊತೆ ಆಡಿದರು. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು ಅವರು. ಅವರೂ ಕ್ಯಾಲ್ಗರಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ 2012ರಲ್ಲಿ ಕೆನಡಾದ ಕಾಲೇಜು ಚಾಂಪಿಯನ್‌ಶಿಪ್ ಗೆದ್ದಿದ್ದರು, ನಿನ್ನ ಕಾಲೇಜು ವಿಷಯಕ್ಕೆ ಅದೂ ಸೇರುತ್ತದೆ ನೋಡಮ್ಮ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗೆ ಅಂತ ದೊಡ್ಡ ಒಳಾಂಗಣ ರಿಂಕ್ ಕಟ್ಟಿ, ಆಮೇಲೆ ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. 2025ರಲ್ಲಿ ಮತ್ತೆ ತೆರೆದಿದೆ. ಇಂಥ ರಿಂಕ್ ಮೊದಲಿನಿಂದಲೂ ಓಡಿದ್ದರೆ ಆ ಹುಡುಗಿಯರಿಗೆ ವರ್ಷಕ್ಕೆ ಎರಡೇ ತಿಂಗಳು ಅನ್ನೋ ಗತಿ ಬರುತ್ತಿರಲಿಲ್ಲ.

ಮಂಡಗದ್ದೆ_ಹಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಾನು ಲೇಖನವನ್ನು ನಿಯಮ ಪುಸ್ತಕ ಮಾರಿದ ಹುಡುಗಿಯರಿಂದ ಶುರು ಮಾಡುತ್ತೇನೆ. ಕೊಪ್ಪದ ಅಕ್ಕ, ನಿಮ್ಮ ಬೆಳಿಗ್ಗೆ ಆರು ಗಂಟೆಯ ಪ್ರಾಕ್ಟೀಸ್ ವಿಷಯ ಹೆಸರಿಲ್ಲದೆ ಸೇರಿಸಬಹುದಾ? ನಮ್ಮ ಕಾಲೇಜಿನಲ್ಲೂ ಹಳೆಯ ಹಾಕಿ ತಂಡಗಳ ಫೋಟೋ ಇವೆ, ಕೆಳಗೆ ಹೆಸರಿಲ್ಲ. ಅವರಲ್ಲಿ ಕೆಲವರನ್ನಾದರೂ ಹುಡುಕಿ ಮಾತಾಡಿಸಬೇಕು ಅಂತ ಮೇಡಂ ಹತ್ತಿರ ಹೇಳಿದ್ದೇನೆ.

ಸಾಗರದ ಅಕ್ಕ, ಇನ್ನೆರಡು ಪ್ರಶ್ನೆ. ಆಟದಲ್ಲಿ ನಮ್ಮ ಹಾಕಿಗೂ ಅದಕ್ಕೂ ಏನು ವ್ಯತ್ಯಾಸ? ಮತ್ತೆ ಪಂದ್ಯ ನೋಡಬೇಕು ಅಂದರೆ ಯಾವಾಗ ನೋಡಲಿ?

ಕೊಪ್ಪದ_ಕಾಫಿ_ತೋಟ:

ಧಾರಾಳವಾಗಿ ಸೇರಿಸು ಮಾರಾಯ್ತಿ. ಆ ಸೀನಿಯರ್‌ಗೂ ಫೋನ್ ಮಾಡಿ ಹೇಳುತ್ತೇನೆ, ಅವರು ಒಪ್ಪಿದರೆ ಹೆಸರನ್ನೂ ಹಾಕು. ಫೋಟೋದವರಲ್ಲಿ ಕೊಪ್ಪ, ಶೃಂಗೇರಿ ಕಡೆಯವರು ಇದ್ದರೆ ನನಗೆ ಕಳಿಸು, ವಿಚಾರಿಸುತ್ತೇನೆ.

ಸಾಗರ_ಟು_ಮಿನಿಯಾಪೊಲಿಸ್:

ನೀವು ಹನ್ನೊಂದು ಜನ, ಇಲ್ಲಿ ಒಂದು ಸಲಕ್ಕೆ ಗೋಲ್‌ಕೀಪರ್ ಸೇರಿ ಆರು ಜನ. ನಿಮ್ಮದು ಹದಿನೈದು ನಿಮಿಷದ ನಾಲ್ಕು ಭಾಗ, ಇಲ್ಲಿ ಇಪ್ಪತ್ತು ನಿಮಿಷದ ಮೂರು ಭಾಗ. ಆಟ ನಿಲ್ಲಿಸದೆಯೇ ಆಟಗಾರ್ತಿಯರು ಬದಲಾಗುತ್ತಾ ಇರುತ್ತಾರೆ, ಒಬ್ಬೊಬ್ಬಳು ಒಂದು ನಿಮಿಷದೊಳಗೆ ಹೊರಗೆ ಬಂದು ಇನ್ನೊಬ್ಬಳು ಒಳಗೆ ಹಾರುತ್ತಾಳೆ, ಅಷ್ಟು ವೇಗ. ಚೆಂಡಿನ ಬದಲು ಪಕ್, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನೂ ಫ್ರೀಜ್ ಮಾಡುತ್ತಾರೆ. ಗಂಡುಮಕ್ಕಳ ಆಟದಲ್ಲಿ ಮೈಗೆ ಮೈ ಗುದ್ದಿ ಬೀಳಿಸುವುದು ನಡೆಯುತ್ತದೆ, ಕಾಲೇಜು ಹುಡುಗಿಯರ ಆಟದಲ್ಲಿ ಹಾಗೆ ಬೇಕಂತಲೇ ಗುದ್ದಿದರೆ ಪೆನಾಲ್ಟಿ. ಹಾಗಾಗಿ ಪಾಸ್ ಮತ್ತು ಸ್ಕೇಟಿಂಗ್ ನೋಡೋಕೆ ಇನ್ನೂ ಚೆಂದ ಅಂತ ನನ್ನ ಅಭಿಪ್ರಾಯ. ಹಾಫ್ ಬ್ಯಾಕ್ ಆಡೋ ನಿನಗೆ ಅದು ಬೇಗ ಹಿಡಿಸುತ್ತದೆ.

ನೋಡುವುದಾದರೆ ಮೊದಲು 2025ರ ಫೈನಲ್‌ನ ಹೈಲೈಟ್ಸ್ ನೋಡು. ವಿಸ್ಕಾನ್ಸಿನ್ ಮತ್ತು ಓಹಾಯೊ ಸ್ಟೇಟ್. ನಡೆದದ್ದು ಇಲ್ಲೇ ರಿಡ್ಡರ್ ಅರೀನಾದಲ್ಲಿ, ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಹಾಕಿಗೆ ಅಂತಲೇ ಮೊದಲು ಕಟ್ಟಿದ ರಿಂಕ್ ಅದು, 2002ರಲ್ಲಿ ತೆರೆದದ್ದು. ಕೊನೆಯ ಕೆಲವೇ ಸೆಕೆಂಡ್ ಉಳಿದಿದ್ದಾಗ ವಿಸ್ಕಾನ್ಸಿನ್‌ನ ಕರ್ಸ್ಟನ್ ಸಿಮ್ಸ್ ಪೆನಾಲ್ಟಿ ಶಾಟ್ ಹೊಡೆದು ಸಮ ಮಾಡಿದಳು. ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲೂ ಅವಳದೇ, 4-3. ವಿಸ್ಕಾನ್ಸಿನ್‌ಗೆ ಅದು ಎಂಟನೇ ಕಿರೀಟ.

ಲೈವ್ ನೋಡಬೇಕಾದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತನಕ ಸೀಸನ್. ಮಾರ್ಚ್‌ನ ಕೊನೆಯ ನಾಲ್ಕು ತಂಡಗಳ ಆಟಕ್ಕೆ ‘ಫ್ರೋಜನ್ ಫೋರ್’ ಅನ್ನುತ್ತಾರೆ. ಇಲ್ಲಿ ಸಂಜೆ ಪಂದ್ಯ ಅಂದರೆ ನಿಮಗೆ ಬೆಳಗಿನ ಜಾವ. ಪರೀಕ್ಷೆ ಇಲ್ಲದ ದಿನ ನೋಡಿಕೊ, ಯಾವ ಪಂದ್ಯ ಯಾವಾಗ ಅಂತ ನಾನು ಇಲ್ಲೇ ಹಾಕುತ್ತೇನೆ.